ಗೋತಿಯೆದ್ವಯರ ಲ್ಯೂಟ್ ಕೃತಿಗಳು: ಕರ್ತೃತ್ವ ಮತ್ತು ಗುಣವಿವೇಚನೆ

ಒಂದೇ ಹೆಸರಿನ ಇಬ್ಬರು ಕರ್ತೃಗಳಿದ್ದಾಗ ಅವರ ಕೃತಿಗಳನ್ನು ಬೇರ್ಪಡಿಸುವ ತೊಡಕು ಕನ್ನಡ ವಿದ್ವಾಂಸರಿಗೆ ಅಪರಿಚಿತವಲ್ಲ. ನಾಗವರ್ಮರನ್ನು ಕುರಿತ ಚರ್ಚೆಯೇ ಅದಕ್ಕೆ ನಿದರ್ಶನ. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ, ಬೆರಳಿನಿಂದ ಮೀಟಿ ನುಡಿಸುವ ಲ್ಯೂಟ್ ಎಂಬ ತಂತೀವಾದ್ಯಕ್ಕೆ ರಚಿತವಾದ ಸಂಗೀತದಲ್ಲಿ ಈ ತೊಡಕು ಮತ್ತಷ್ಟು ಜಟಿಲವಾಗಿದೆ.

ಆ ಕಾಲದಲ್ಲಿ ಗೋತಿಯೆ ಎಂಬ ಹೆಸರಿನ ವಾದಕರು ನಾಲ್ವರಿದ್ದರು. ರಾಣಿ ಮಾರಿ ದ ಮೆದಿಚಿಯ ಸೇವೆಯಲ್ಲಿದ್ದು 1651ರಲ್ಲಿ ಮಡಿದ ಎನ್ನೆಮೋಂ ‘ಹಿರಿಯ ಗೋತಿಯೆ’ ಎನಿಸಿದನು. ಆತನ ದಾಯಾದಿ ದೆನಿ ಪ್ಯಾರಿಸ್ಸಿನಲ್ಲಿದ್ದು 1672ರಲ್ಲಿ ತೀರಿಕೊಂಡನು. ಝಾಕ್ ಇಂಗ್ಲೆಂಡಿನ ಆಸ್ಥಾನವನ್ನು ಸೇರಿದನು. ಪಿಯೆರನ ಸಂಕಲನ 1638ರಲ್ಲಿ ರೋಮಿನಲ್ಲಿ ಅಚ್ಚಾಯಿತು. ಹಸ್ತಪ್ರತಿಗಳ ಲಿಪಿಕಾರರಾದರೋ ಅನೇಕ ಕಡೆ ‘ಗೋತಿಯೆ’ ಎಂದಷ್ಟೇ ಬರೆದು ಮುಂದೆ ಸಾಗಿದ್ದಾರೆ. ಕೆಲವೆಡೆ ಮಾತ್ರ ಹಿರಿಯನೆಂಬುದನ್ನು ಸೂಚಿಸುವ ಸಂಕ್ಷೇಪಾಕ್ಷರವಿದೆ.

ದೆನಿಯ ಪಕ್ಷದಲ್ಲಿ ಪ್ರಬಲವಾದ ಆಧಾರಗಳಿವೆ. 1652ರ ಸುಮಾರಿನದೆಂದು ಎಣಿಸಲಾದ, ಈಗ ಬರ್ಲಿನ್ನಿನಲ್ಲಿರುವ ‘ದೇವತೆಗಳ ವಾಗ್ಮಿತೆ’ ಎಂಬ ಸಚಿತ್ರ ಹಸ್ತಪ್ರತಿ ಆತನ ಕೃತಿಗಳಿಗಾಗಿಯೇ ಸಿದ್ಧವಾದುದು. ಎನ್ನೆಮೋಂನ ಜೀವಿತಕಾಲದಲ್ಲಿ ಅಂತಹ ಗ್ರಂಥವೊಂದೂ ಹೊರಬಂದಂತೆ ತಿಳಿದುಬಂದಿಲ್ಲ. ಆತನ ಹೆಸರನ್ನು ಹೊತ್ತ ಮುದ್ರಿತ ಸಂಗ್ರಹ ಬಂದುದು 1672ರ ಸುಮಾರಿನಲ್ಲಿ. ಅದರಲ್ಲಿಯೂ ದಾಯಾದಿಗಳಿಬ್ಬರ ರಚನೆಗಳು ಕೂಡಿವೆ. ಎಂದರೆ, ಹಿರಿಯನ ಕೃತಿಗಳಿಗೆ ದೊರೆಯುವ ಮುಖ್ಯ ಸಾಕ್ಷಿಯೇ ಕಿರಿಯನ ಕೈಯಿಂದ ಹಾದು ಬಂದುದು. 1966ರಲ್ಲಿ ಆಂದ್ರೆ ಸೂರಿಸ್ ಸಂಪಾದಿಸಿದ ಹಿರಿಯ ಗೋತಿಯೆಯ ಕೃತಿಸಂಪುಟ ಈ ಚದುರಿದ ಸಾಮಗ್ರಿಯನ್ನು ಒಂದೆಡೆ ತಂದ ಮಹತ್ತ್ವದ ಕಾರ್ಯ. ಆದರೆ ಒಟ್ಟುಗೂಡಿಸಿದ ಮಾತ್ರಕ್ಕೆ ಕರ್ತೃತ್ವ ಸಿದ್ಧವಾಗುವುದಿಲ್ಲ.

ಇಲ್ಲಿ ವಿಮರ್ಶೆ ಸುಲಭವಾಗಿ ಬೀಳುವ ಸುಳಿಯೊಂದಿದೆ. ಗಂಭೀರವೂ ಮಿತವೂ ಆದ ರಚನೆ ಕಂಡರೆ ಹಿರಿಯನದೆಂದೂ, ಲಲಿತವೂ ಅಲಂಕೃತವೂ ಆದುದು ಕಿರಿಯನದೆಂದೂ ಹಂಚುವುದು. ಅನಂತರ ಆ ಹಂಚಿಕೆಯನ್ನೇ ಆಧರಿಸಿ ಹಿರಿಯನು ಗಂಭೀರನೆಂದು ನಿರ್ಣಯಿಸುವುದು. ಇದು ಅನ್ಯೋನ್ಯಾಶ್ರಯ ದೋಷ. ಉತ್ತಮ ಕವಿಯೂ ಸಾಧಾರಣ ಪದ್ಯವನ್ನು ಬರೆಯಬಲ್ಲನು; ಸಾಧಾರಣನೂ ಒಮ್ಮೆ ಎತ್ತರಕ್ಕೇರಬಲ್ಲನು. ಗುಣವು ಕರ್ತೃತ್ವಕ್ಕೆ ಪ್ರಮಾಣವಾಗಲಾರದು.

ಗುಣನಿರ್ಣಯಕ್ಕೂ ಬೇರೊಂದು ಅಡ್ಡಿ ಇದೆ. ಈ ಸಂಗೀತವನ್ನು ಬರೆದಿರುವುದು ಟ್ಯಾಬ್ಲೇಚರ್ ಲಿಪಿಯಲ್ಲಿ. ಆರು ಗೆರೆಗಳ ಮೇಲಿನ ಅಕ್ಷರಗಳು ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂಬುದನ್ನು ತಿಳಿಸುತ್ತವೆ. ಮೇಲಿನ ಚಿಹ್ನೆಗಳು ಯಾವಾಗ ಮೀಟಬೇಕೆಂಬುದನ್ನು. ಮೀಟಿದ ಸ್ವರ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಸಾಮಾನ್ಯವಾಗಿ ಬರೆದಿರುವುದಿಲ್ಲ. ಆದ್ದರಿಂದ ಕಾಗದದ ಮೇಲೆ ಬಿಡಿಬಿಡಿಯಾಗಿ, ಬಡವಾಗಿ ತೋರುವ ಸ್ವರಪಂಕ್ತಿ, ತಂತಿಗಳನ್ನು ಅನುರಣಿಸಗೊಟ್ಟು ನುಡಿಸಿದಾಗ ಎರಡು ಮೂರು ಧಾರೆಗಳ ನೇಯ್ಗೆಯಾಗುತ್ತದೆ. 1680ರಲ್ಲಿ ಪೆರೀನ್ ಎಂಬಾತನು ಗೋತಿಯೆಗಳ ರಚನೆಗಳನ್ನು ಸಾಮಾನ್ಯ ಸ್ವರಲಿಪಿಗೆ ಇಳಿಸಿದಾಗ ಒಂದೇ ರಚನೆಯನ್ನು ‘ಆಲ್ಮಾಂಡ್’ ಆಗಿಯೂ ‘ಜೀಗ್’ ಆಗಿಯೂ ಕೊಟ್ಟಿರುವುದುಂಟು. ಲಯದ ಇಂತಹ ಪಾಠಾಂತರವನ್ನು ಲಿಪಿಕಾರನ ದೋಷವೆಂದು ತಳ್ಳಿಹಾಕಲಾಗದು. ಅದು ವಾದನಸಂಪ್ರದಾಯದ ಅಂಗವೇ ಆಗಿದೆ.

ಹೀಗಾಗಿ ಮಾರ್ಗ ಎರಡಾಗಿರಬೇಕು. ಕರ್ತೃತ್ವವನ್ನು ಪ್ರತಿಗಳ ಕಾಲ, ಪರಸ್ಪರ ಸಂಬಂಧ ಮತ್ತು ಸ್ವತಂತ್ರ ಸಾಕ್ಷಿಗಳ ಒಮ್ಮತದಿಂದ ನಿಷ್ಕರ್ಷಿಸಬೇಕು. ಒಂದರಿಂದ ಇನ್ನೊಂದು ನಕಲಾದ ಮೂರು ಪ್ರತಿಗಳು ಮೂರು ಸಾಕ್ಷಿಗಳಲ್ಲ. ಶೈಲಿಯದು ಅನಂತರದ ಸ್ಥಾನ. ಗುಣವನ್ನಾದರೋ ಹೆಸರನ್ನು ಮರೆತು, ವಾದ್ಯದ ಮೇಲೆ ಕೇಳಿಯೇ ಅಳೆಯಬೇಕು: ಮಂದ್ರದ ನಡೆ ಮೇಲಿನ ಧಾರೆಗೆ ಆಸರೆಯಾಗಿದೆಯೇ, ಕರ್ಕಶ ಸ್ವರಸಂಗಮ ತಕ್ಕ ಎಡೆಯಲ್ಲಿ ಶಮನಗೊಳ್ಳುತ್ತದೆಯೇ, ಉತ್ತರಾರ್ಧ ಪೂರ್ವಾರ್ಧಕ್ಕೆ ಏನನ್ನಾದರೂ ಸೇರಿಸುತ್ತದೆಯೇ ಎಂದು. 1638ರಲ್ಲಿ ಗತಿಸಿದ ಮೆಝಾಂಜೋ ಎಂಬ ವಾದಕನ ನೆನಪಿಗೆ ಹಿರಿಯ ಗೋತಿಯೆ ರಚಿಸಿದ ಶೋಕಗೀತೆ ಈ ಪರೀಕ್ಷೆಯಲ್ಲಿ ಹೆಸರಿನ ಹಂಗಿಲ್ಲದೆ ನಿಲ್ಲುತ್ತದೆ.

ಅಂಕಿತವಿಲ್ಲದ ರಚನೆಗಳ ಗತಿಯೂ ಈ ವಿವೇಕವನ್ನೇ ಅವಲಂಬಿಸಿದೆ. ಕರ್ತೃ ತಿಳಿಯದೆಂಬ ಕಾರಣಕ್ಕೆ ಸಂಪಾದಕರು ಕೈಬಿಟ್ಟ ಕೃತಿಯನ್ನು ವಾದಕರೂ ನುಡಿಸುವುದಿಲ್ಲ. ನಾಮಧೇಯವಿಲ್ಲದ ಒಂದು ಸತ್ಕೃತಿ ಹೀಗೆ ಮೌನಕ್ಕೆ ಸಂದರೆ, ಆ ನಷ್ಟ ಲಿಪಿಕಾರನದಲ್ಲ, ವಿಮರ್ಶೆಯದು.