ಕಾದಂಬರಿಯೊಂದನ್ನು ಕೆಳಗಿಡುವ ಮುನ್ನ

ಹಿಡಿದ ಕಾದಂಬರಿಯನ್ನು ಮುಗಿಸಲೇಬೇಕೆಂಬ ಹಟ ಎಷ್ಟೋ ಹೊಸ ಓದುಗರಿಗೆ ಓದನ್ನೇ ತಪ್ಪಿಸಿಬಿಡುತ್ತದೆ. ಅರ್ಧಕ್ಕೆ ನಿಂತ ಪುಸ್ತಕ ದಿಂಬಿನ ಪಕ್ಕ ತಿಂಗಳುಗಟ್ಟಲೆ ಬಿದ್ದಿರುತ್ತದೆ. ಅದು ಮುಗಿಯದೆ ಇನ್ನೊಂದನ್ನು ತೆರೆಯಲು ಮನಸ್ಸು ಒಪ್ಪುವುದಿಲ್ಲ. ಫ್ರೆಂಚ್ ಲೇಖಕ ಡೇನಿಯಲ್ ಪೆನಾಕ್ 1992ರಲ್ಲಿ ಬರೆದ ಓದುಗರ ಹತ್ತು ಹಕ್ಕುಗಳಲ್ಲಿ ಪುಸ್ತಕವನ್ನು ಮುಗಿಸದಿರುವ ಹಕ್ಕೂ ಒಂದು. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಲೆಕ್ಕವನ್ನೇ ಕೊಟ್ಟಿದ್ದಾರೆ: 50 ಪುಟ ಓದಿ ನೋಡಿ, ವಯಸ್ಸು 50 ದಾಟಿದ್ದರೆ ನೂರರಲ್ಲಿ ವಯಸ್ಸನ್ನು ಕಳೆದು ಉಳಿದಷ್ಟು ಪುಟ ಸಾಕು.

ಒಳ್ಳೆಯ ಲೆಕ್ಕವೇ. ಆದರೆ ನಮ್ಮ ಕೆಲವು ದೊಡ್ಡ ಕೃತಿಗಳು ಅದಕ್ಕೆ ಬಗ್ಗುವುದಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ತೆಗೆದುಕೊಳ್ಳಿ. ಗುತ್ತಿ ತನ್ನ ನಾಯಿ ಹುಲಿಯನೊಡನೆ ಕಾಡುದಾರಿಯಲ್ಲಿ ನಡೆಯುತ್ತಾನೆ. ಹೋದಲ್ಲೆಲ್ಲ ಹೊಸ ಮನೆ, ಹೊಸ ಹೆಸರು, ಹೊಸ ಜಗಳ. ಕಥಾನಾಯಕ ಯಾರೆಂದು ಹುಡುಕುತ್ತ ಹೋದವರು ಇಲ್ಲಿ ಸೋತು ಪುಸ್ತಕ ಮುಚ್ಚುತ್ತಾರೆ. ಅಲ್ಲಿ ಅಂಥ ನಾಯಕನೇ ಇಲ್ಲ. ಗುತ್ತಿ-ತಿಮ್ಮಿ, ಐತ-ಪೀಂಚಲು, ಮುಕುಂದಯ್ಯ-ಚಿನ್ನಮ್ಮ, ಕೊನೆಗೆ ಆ ನಾಯಿಯೂ, ಕಾದಂಬರಿಕಾರರ ಕಣ್ಣಿಗೆ ಒಂದೇ. ಆದ್ದರಿಂದ ಹೆಸರುಗಳನ್ನು ನೆನಪಿಟ್ಟುಕೊಳ್ಳಲು ಹೆಣಗಬೇಡಿ. ಗುರುತಿಲ್ಲದವರ ಮದುವೆಮನೆಯಲ್ಲಿ ಕೂತಂತೆ ಕೂತಿರಿ; ಯಾರು ಯಾರಿಗೆ ಏನಾಗಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ. ಮಳೆಯ, ಜಿಗಣೆಯ, ಕತ್ತಲ ವಿವರಗಳಲ್ಲಿ ಓಡಬೇಡಿ. ಕಥೆ ನಡೆಯುತ್ತಿರುವುದು ಅಲ್ಲೇ.

ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಪುಟ್ಟ ಪುಸ್ತಕ. ಆದರೂ ಬೆಂಗಳೂರಿನ, ಧಾರವಾಡದ ಓದುಗರೂ ಮೊದಲ ಪುಟದಲ್ಲೇ ತಡವರಿಸುತ್ತಾರೆ. ನಂಜನಗೂಡು ಸೀಮೆಯ ಆಡುಮಾತು ಕಣ್ಣಿಗೆ ಒಗ್ಗದು. ಒಂದು ಪುಟವನ್ನು ಗಟ್ಟಿಯಾಗಿ ಓದಿ ನೋಡಿ, ಸಾಧ್ಯವಾದರೆ ಆ ಕಡೆಯವರ ಬಾಯಲ್ಲಿ ಕೇಳಿ. ತೊಡಕೆನಿಸಿದ್ದರಲ್ಲಿ ಅರ್ಧ ಕಿವಿಗೆ ಬಿದ್ದ ಕೂಡಲೇ ಕರಗುತ್ತದೆ.

ಇಷ್ಟು ಮಾಡಿಯೂ ಹಿಡಿಸದಿದ್ದರೆ? ಬಿಡಿ. ಪಾತ್ರಗಳೆಲ್ಲ ಒಂದೇ ದನಿಯಲ್ಲಿ ಮಾತಾಡುವ, ಪ್ರತಿ ಸನ್ನಿವೇಶದ ಅರ್ಥವನ್ನು ಲೇಖಕರೇ ಬಿಡಿಸಿ ಹೇಳುವ ಕಾದಂಬರಿಗಂತೂ 50 ಪುಟವೂ ಹೆಚ್ಚು, ಬರೆದವರು ಎಷ್ಟೇ ಹೆಸರಾಂತರಾಗಿರಲಿ. ಬಿಡುವಾಗ ಒಂದು ಚೀಟಿಯಲ್ಲಿ ಎಲ್ಲಿ ನಿಲ್ಲಿಸಿದಿರಿ, ಯಾಕೆ ಎಂದು ಒಂದೇ ಸಾಲು ಬರೆದಿಡಿ. ‘ಚೆನ್ನಾಗಿಲ್ಲ’ ಎಂದು ಬರೆದರೆ ಸಾಲದು. ಬೇಸರ ಹುಟ್ಟಿದ ಜಾಗವನ್ನು ಗುರುತಿಸಬೇಕು. ಇಂಥ ನಾಲ್ಕಾರು ಚೀಟಿ ಸೇರಿದರೆ ನಿಮ್ಮ ರುಚಿಯ ಜಾಡು ನಿಮಗೇ ಕಾಣತೊಡಗುತ್ತದೆ.

ಪುಸ್ತಕವನ್ನು ಬಿಟ್ಟರೆ ಲೇಖಕರನ್ನೂ ಬಿಡಬೇಕೆಂದಿಲ್ಲ. ‘ಮದುಮಗಳು’ ದಕ್ಕದವರು ಹೂವಯ್ಯನನ್ನು ಹಿಡಿದು ಸಾಗಬಹುದಾದ ‘ಕಾನೂರು ಹೆಗ್ಗಡಿತಿ’ಯಿಂದ (1936) ಶುರು ಮಾಡಲಿ. ‘ಕುಸುಮಬಾಲೆ’ಯಲ್ಲಿ ನಿಂತವರು ಸಾಕವ್ವನ ಕಳೆದುಹೋದ ಹುಂಜದ ಬೆನ್ನು ಹತ್ತಿ ‘ಒಡಲಾಳ’ಕ್ಕೆ ಬರಲಿ.