ತಲೆಬರಹದ ತೂಕ

ವರ್ತಕನ ಖಾತೆಪುಸ್ತಕದಲ್ಲಿ ಖಾತೆಯ ಹೆಸರು ಒಂದಾಗಿ, ಅದರೊಳಗಿನ ಲೆಕ್ಕ ಮತ್ತೊಂದಾಗಿದ್ದರೆ ಅದನ್ನು ಹಿಡಿದು ಕೇಳಲು ಲೆಕ್ಕಪರಿಶೋಧಕನಿದ್ದಾನೆ. ವೃತ್ತಪತ್ರಿಕೆಯ ತಲೆಬರಹಕ್ಕೂ ಅದರ ಕೆಳಗಿನ ವರದಿಗೂ ಹೊಂದಿಕೆಯಿದೆಯೇ ಎಂದು ನೋಡುವ ಹೊಣೆಯಾದರೋ ಓದುಗನ ಮೇಲೆಯೇ ಬಿದ್ದಿದೆ. ಅವನೂ ಬಹುಪಾಲು ತಲೆಬರಹವನ್ನಷ್ಟೇ ಓದಿ ಪತ್ರಿಕೆಯನ್ನು ಮಡಿಸಿಡುತ್ತಾನೆ.

ಇದಕ್ಕೆ ಸುಳ್ಳು ಹೇಳಬೇಕೆಂದೇನೂ ಇಲ್ಲ. ಒಬ್ಬ ಮಂತ್ರಿ ಆಡಿದ ಒಂದೇ ಮಾತಿಗೆ ‘ತಿಳಿಸಿದರು’ ಎಂದು ಬರೆದರೆ ಒಂದು ಅರ್ಥ, ‘ಒಪ್ಪಿಕೊಂಡರು’ ಎಂದರೆ ಇನ್ನೊಂದು, ‘ನುಣುಚಿಕೊಂಡರು’ ಎಂದರೆ ಮೂರನೆಯದು. ಇನ್ನು ಪ್ರಶ್ನಾರ್ಥಕ ಚಿಹ್ನೆಯ ಚಾತುರ್ಯವಂತೂ ಬೇರೆಯೇ. ‘ಹಗರಣದಲ್ಲಿ ಸಚಿವರ ಪಾಲು?’ ಎಂದು ದಪ್ಪಕ್ಷರದಲ್ಲಿ ಅಚ್ಚಾದ ಮೇಲೆ, ಪಾಲಿಲ್ಲವೆಂದು ತಿಂಗಳ ನಂತರ ಒಳಪುಟದ ಮೂಲೆಯಲ್ಲಿ ಬರುವ ನಾಲ್ಕು ಸಾಲನ್ನು ಯಾರು ಓದುತ್ತಾರೆ? ಆ ಚಿಹ್ನೆ ತನ್ನನ್ನು ಕಾನೂನಿನಿಂದ ರಕ್ಷಿಸುತ್ತದೆಂದು ಸಂಪಾದಕ ನಂಬಬಹುದು, ಆಪಾದಿತನನ್ನಂತೂ ಅದು ರಕ್ಷಿಸುವುದಿಲ್ಲ.

ಪಕ್ಷಪಾತಕ್ಕೆಲ್ಲ ಹಣವೇ ಮೂಲವೆಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಶಿವಮೊಗ್ಗ ಜಿಲ್ಲೆಯ ಅನುಭವ ಇದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಈ ಜಿಲ್ಲೆಯ ಕೊನಗವಳ್ಳಿಯವರಾದ ಪಿ. ಲಂಕೇಶರು 1980ರಲ್ಲಿ ಆರಂಭಿಸಿದ ವಾರಪತ್ರಿಕೆ ಜಾಹೀರಾತುಗಳನ್ನು ದೂರವಿಟ್ಟು ಓದುಗರ ಹಣದಿಂದಲೇ ನಡೆಯಿತು. ವ್ಯಾಪಾರ ಬಲ್ಲವರಿಗೆ ಇದು ಎಂತಹ ಸಾಹಸವೆಂದು ಹೇಳಬೇಕಾಗಿಲ್ಲ. ಕುಪ್ಪಳ್ಳಿಯ ಮನೆತನದ ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರು ಅದರಲ್ಲಿ ಬರೆದರು. ಆದಾಗ್ಯೂ ಅದೇ ಪತ್ರಿಕೆ ಮುಖ್ಯಮಂತ್ರಿಯಾಗಿದ್ದ ಗುಂಡೂರಾಯರನ್ನು ‘ಗುಂ’ ಎಂದೂ, ಸೊರಬದ ಬಂಗಾರಪ್ಪನವರನ್ನು ‘ಬಂ’ ಎಂದೂ ಕರೆಯಿತು. ಓದುಗರು ನಕ್ಕರು. ಹೆಸರನ್ನೇ ಹೀಗೆ ಮೊಟಕುಗೊಳಿಸಿದ ಮೇಲೆ ವರದಿಗೆ ಮುನ್ನವೇ ತೀರ್ಪು ಬಂದುಹೋಗುತ್ತದೆ. ಆದರೆ ಲಂಕೇಶರ ಪರವಾಗಿ ಒಂದು ಮಾತನ್ನು ಹೇಳಲೇಬೇಕು: ಅವರ ಒಲವು, ಸಿಟ್ಟುಗಳು ಬಚ್ಚಿಟ್ಟವಲ್ಲ. ಕೊಂಡವನಿಗೆ ತಾನು ಏನನ್ನು ಕೊಳ್ಳುತ್ತಿದ್ದೇನೆಂಬುದು ಗೊತ್ತಿತ್ತು.

ಬಚ್ಚಿಟ್ಟ ಪಕ್ಷಪಾತ ಇದಕ್ಕಿಂತ ಎಷ್ಟೋ ಹೀನವಾದುದು. 2009ರ ಚುನಾವಣೆಗಳಲ್ಲಿ ಅಭ್ಯರ್ಥಿಗಳ ಹೊಗಳಿಕೆ ಸುದ್ದಿಯ ವೇಷದಲ್ಲಿ ಮಾರಾಟವಾಯಿತೆಂಬ ದೂರುಗಳನ್ನು ಭಾರತೀಯ ಪತ್ರಿಕಾ ಮಂಡಳಿಯ ಇಬ್ಬರು ಸದಸ್ಯರ ಉಪಸಮಿತಿ ಪರಿಶೀಲಿಸಿತು. 2010ರಲ್ಲಿ ಸಿದ್ಧವಾದ ಅದರ ಪೂರ್ಣ ವರದಿಯನ್ನು ಮಂಡಳಿಯೇ ಮೊದಲು ತಡೆಹಿಡಿಯಿತು. ಕೇಂದ್ರ ಮಾಹಿತಿ ಆಯೋಗದ ಆದೇಶದ ಮೇರೆಗೆ 2011ರಲ್ಲಷ್ಟೇ ಅದು ಹೊರಬಂದಿತು. ಪತ್ರಿಕೆಗಳ ನಡತೆಯ ಬಗೆಗಿನ ವರದಿಗೇ ಈ ಗತಿ!

ಕಾಸಿಗೆ ಅಚ್ಚಾದ ಸುದ್ದಿಯಲ್ಲಿ ಲೆಕ್ಕ ಎರಡು ಕಡೆ ಸುಳ್ಳಾಗುತ್ತದೆ. ಅಭ್ಯರ್ಥಿ ಕೊಟ್ಟ ಹಣ ಅವನ ಚುನಾವಣಾ ವೆಚ್ಚದಲ್ಲಿ ಕಾಣಿಸುವುದಿಲ್ಲ. ಪಡೆದ ಹಣ ಪತ್ರಿಕೆಯ ಜಾಹೀರಾತು ಖಾತೆಗೆ ಜಮೆಯಾಗುವುದಿಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿರುವ ಕೂಟಲೇಖಕ್ರಿಯೆಗೆ ಇದಕ್ಕಿಂತ ತಕ್ಕ ಉದಾಹರಣೆ ಸಿಗಲಾರದು. ಉತ್ತರಪ್ರದೇಶದ ಬಿಸೌಲಿಯಿಂದ 2007ರಲ್ಲಿ ಗೆದ್ದಿದ್ದ ಉಮ್ಲೇಶ್ ಯಾದವ್ ಅವರನ್ನು ಇಂತಹ ವೆಚ್ಚವನ್ನು ಮರೆಮಾಚಿದ್ದಕ್ಕಾಗಿ ಚುನಾವಣಾ ಆಯೋಗ ಮೂರು ವರ್ಷಗಳ ಕಾಲ ಅನರ್ಹಗೊಳಿಸಿತು. ಆ ಆದೇಶ ಹೊರಬಿದ್ದುದು 2011ರ ಅಕ್ಟೋಬರ್‌ನಲ್ಲಿ, ವಿಧಾನಸಭೆಯ ಅವಧಿ ಮುಗಿಯಲು ಕೆಲವೇ ತಿಂಗಳುಗಳಿದ್ದಾಗ. ಅಚ್ಚು ಹಾಕಿದ ಪತ್ರಿಕೆಗಳಿಗೋ? ಆಯೋಗದ ಕೈ ಅಲ್ಲಿಗೆ ಚಾಚದು. 1978ರ ಕಾಯಿದೆಯಂತೆ ಪತ್ರಿಕಾ ಮಂಡಳಿ ಎಚ್ಚರಿಸಬಹುದು, ಖಂಡಿಸಬಹುದು; ಒಂದು ರೂಪಾಯಿ ದಂಡ ಹಾಕುವ ಅಧಿಕಾರವೂ ಅದಕ್ಕಿಲ್ಲ. ಕೊಂಡವನಿಗೆ ಶಿಕ್ಷೆ, ಮಾರಿದವನಿಗೆ ಬುದ್ಧಿಮಾತು. ಯಾವ ಪೇಟೆಯಲ್ಲಿಯೂ ಇಂತಹ ನ್ಯಾಯ ನಡೆಯದು.

ರಾಜಕಾರಣಿಗಳನ್ನು ದೂರುವಾಗ ಧಾರ್ಮಿಕ ಸಂಸ್ಥೆಗಳು ತಮ್ಮ ವೆಚ್ಚಪಟ್ಟಿಯನ್ನೂ ಒಮ್ಮೆ ತೆರೆಯುವುದು ಯುಕ್ತ. ಪಂಚಕಲ್ಯಾಣ, ಜೀರ್ಣೋದ್ಧಾರಗಳ ಸಂದರ್ಭದಲ್ಲಿ ವಿಶೇಷ ಪುರವಣಿಗೆ ಹಣ ತೆತ್ತು, ವರದಿಗಾರನ ಲೇಖನದಂತೆ ತೋರುವ ಪ್ರಶಂಸೆಯನ್ನು ಅಚ್ಚುಹಾಕಿಸುವ ರೂಢಿ ಅಲ್ಲಲ್ಲಿ ಬೆಳೆದಿದೆ. ಟ್ರಸ್ಟಿನ ಲೆಕ್ಕದಲ್ಲಿ ಅದು ‘ಪ್ರಚಾರ ವೆಚ್ಚ’ವೆಂದು ಪ್ರಾಮಾಣಿಕವಾಗಿಯೇ ದಾಖಲಾಗಿರುತ್ತದೆ. ಪುರವಣಿಯ ಪುಟದಲ್ಲಿ ‘ಜಾಹೀರಾತು’ ಎಂಬ ಪದವನ್ನು ಹುಡುಕಲು ಭೂತಗನ್ನಡಿ ಬೇಕು. ಆ ಪದವನ್ನು ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಹಾಕಬೇಕೆಂದು ಹಣ ಕೊಡುವ ಮೊದಲೇ ಬರೆದುಕೊಟ್ಟ ಆಡಳಿತ ಮಂಡಳಿಗಳು ಎಷ್ಟಿವೆ?