‘ರಕ್ತದಲ್ಲೇ ಇದೆ’ ಎನ್ನುವವರಿಗೆ

ಬಾಕ್ಸಿಂಗ್ ಬಗ್ಗೆ ನಮ್ಮಂಥ ಪತ್ರಿಕೆಯಲ್ಲಿ ಯಾಕೆ ಬರೀಬೇಕು, ಬೇರೆ ವಿಷಯ ಇಲ್ಲವೆ ಅಂತ ಕೆಲವು ಗೆಳೆಯರು ಕೇಳಬಹುದು. ಕೇಳಲಿ. ನಾವೇನೂ ಕೈಗೆ ಗ್ಲೌಸ್ ಹಾಕಿದವರಲ್ಲ. ಆದರೆ ಕಳೆದ ವರ್ಷ ಒಂದು ಕವಿಗೋಷ್ಠಿಯಲ್ಲಿ ನಮ್ಮ ಪದ್ಯ ಕೇಳಿದ ಹಿರಿಯ ವಿಮರ್ಶಕರೊಬ್ಬರು ಮೈಕಿನ ಮುಂದೆ ನಿಂತು, “ಇವರು ಕಾವ್ಯವನ್ನು ಕಲಿಯಬೇಕಾಗಿಲ್ಲ, ಅದು ಇವರ ರಕ್ತದಲ್ಲೇ ಇದೆ” ಎಂದು ಹರಸಿದರು. ಸಭೆ ಚಪ್ಪಾಳೆ ತಟ್ಟಿತು. ನಾವೂ ಕೈ ಮುಗಿದೆವು. ಬಸ್ಸಿನಲ್ಲಿ ಊರಿಗೆ ಬರುವಾಗ ಹೊಟ್ಟೆಯೊಳಗೆ ಏನೋ ಚುಚ್ಚತೊಡಗಿತು. ಆ ಪದ್ಯವನ್ನು ನಾವು ಹದಿನಾರು ಸಲ ತಿದ್ದಿದ್ದೆವು. ಹಾಸ್ಟೆಲ್ಲಿನಲ್ಲಿ ದೀಪ ಆರಿಸಿದ ಮೇಲೆ ಮೆಟ್ಟಿಲ ಬಲ್ಬಿನ ಕೆಳಗೆ ಕೂತು ಪಂಪನನ್ನು, ವಚನಗಳನ್ನು ಬಾಯಿಪಾಠ ಮಾಡಿದ್ದೆವು. ಅದೆಲ್ಲ ಎಲ್ಲಿಗೆ ಹೋಯ್ತು? ರಕ್ತಕ್ಕೆ ಹೋಯ್ತು.

ಈ ಮಾತು ಎಲ್ಲಿಂದ ಬಂತು, ಯಾರ ಬಗ್ಗೆ ಯಾರು ಆಡ್ತಾರೆ ಅಂತ ಹುಡುಕುತ್ತಾ ಹೋದಾಗ ನಮಗೆ ಹೆಚ್ಚು ಬೆಳಕು ಕೊಟ್ಟಿದ್ದು ಕಾವ್ಯಮೀಮಾಂಸೆಯಲ್ಲ. ಅಮೆರಿಕದ ಬಾಕ್ಸಿಂಗ್ ರಿಂಗು.

ಜ್ಯಾಕ್ ಜಾನ್ಸನ್ ಹೆಸರು ನಮ್ಮ ಓದುಗರಲ್ಲಿ ಕೆಲವರಿಗಾದರೂ ಗೊತ್ತಿರಬೇಕು. ಅಪ್ಪ ಅವ್ವ ಗುಲಾಮರಾಗಿದ್ದವರು. 1908ರಲ್ಲಿ ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಹೊಡೆದು ಹೆವಿವೇಟ್ ಚಾಂಪಿಯನ್ ಆದ ಮೊದಲ ಕರಿಯ. ಅದಕ್ಕೂ ಮುಂಚೆ ಬಿಳಿ ಚಾಂಪಿಯನ್ನರು ಕರಿಯರ ಜೊತೆ ರಿಂಗಿಗೇ ಇಳೀತಿರಲಿಲ್ಲ. ಮುಟ್ಟಿದರೆ ಮೈಲಿಗೆ ಅನ್ನೋದು ನಮ್ಮೂರಿನ ಸ್ವತ್ತೇನಲ್ಲ ನೋಡಿ. ಜಾನ್ಸನ್ ಮುನ್ನುಗ್ಗಿ ಹೊಡೆಯುವ ಆಳಲ್ಲ. ಎದುರಾಳಿಯ ಗುದ್ದನ್ನು ಗಾಳಿಯಲ್ಲೇ ಹಿಡಿದು, ತಪ್ಪಿಸಿ, ಅವನನ್ನು ದಣಿಸಿ ಆಮೇಲೆ ಹೊಡೆಯುವವನು. ಇದೇ ತಪ್ಪಿಸುವ ಆಟ ಆಡಿ ಜಿಮ್ ಕಾರ್ಬೆಟ್ ಎಂಬ ಬಿಳಿಯ 1892ರಲ್ಲಿ ಸಲಿವನ್‌ನನ್ನು ಸೋಲಿಸಿದಾಗ ಪತ್ರಿಕೆಗಳು ಅದನ್ನು ‘ವಿಜ್ಞಾನ’ ಎಂದು ಕರೆದವು. ಜಾನ್ಸನ್ ಆಡಿದಾಗ ಅದು ಪುಕ್ಕಲುತನ, ಕುತಂತ್ರ, ಸೋಮಾರಿತನ ಆಯ್ತು. 1910ರ ಜುಲೈ 4ರಂದು ರೀನೋ ಊರಿನಲ್ಲಿ ಆತ ಜೆಫ್ರೀಸ್‌ನನ್ನು ಹದಿನೈದನೇ ಸುತ್ತಿನಲ್ಲಿ ಕೆಡವಿದ. ಅವತ್ತು ರಾತ್ರಿ ಅಮೆರಿಕದ ಎಷ್ಟೋ ಊರುಗಳಲ್ಲಿ ಬಿಳಿಯರ ಗುಂಪುಗಳು ಕರಿಯರ ಮೇಲೆ ಬಿದ್ದು ಕೊಂದವು. 1912ರಲ್ಲಿ ಬಾಕ್ಸಿಂಗ್ ಫಿಲ್ಮುಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಬಾರದು ಅಂತ ಅಲ್ಲಿನ ಸಂಸತ್ತು ಕಾನೂನೇ ಮಾಡಿತು. ಕರಿಯನೊಬ್ಬನ ಕಲಿಕೆಯನ್ನು ಬೆಳ್ಳಿತೆರೆಯಲ್ಲಿ ಮತ್ತೆ ಮತ್ತೆ ನೋಡುವುದು ಅವರಿಗೆ ಅಷ್ಟು ಕಷ್ಟವಾಗಿತ್ತು.

ಜಾನ್ಸನ್ ಕಥೆಯನ್ನು ಇಲ್ಲಿಗೇ ಬಿಡೋಣ. ನಮಗೆ ಹೆಚ್ಚು ಬೇಕಾದವನು ಜೋ ಲೂಯಿ.

1914ರಲ್ಲಿ ಅಲಬಾಮಾ ಸೀಮೆಯಲ್ಲಿ ಹುಟ್ಟಿದವನು. ಮನೆಯವರು ಪರರ ಹೊಲದಲ್ಲಿ ಹತ್ತಿ ಬೆಳೆದು ಪಾಲು ಅಳೆಯುವ ಗೇಣಿ ಒಕ್ಕಲು. ಆಮೇಲೆ ಡೆಟ್ರಾಯಿಟ್‌ಗೆ ಗುಳೆ ಬಂದರು. 1932ರಲ್ಲಿ ಆತನ ಮೊದಲ ಅಮೆಚೂರ್ ಪಂದ್ಯ, ಜಾನಿ ಮೈಲರ್ ಎಂಬ ಒಲಿಂಪಿಕ್ಸ್ ಆಟಗಾರನ ಎದುರು. ಆ ರಾತ್ರಿ ಲೂಯಿ ಏಳು ಸಲ ನೆಲಕ್ಕೆ ಬಿದ್ದ. ಏಳು ಸಲ, ಗೆಳೆಯರೆ. ರಕ್ತದಲ್ಲಿ ಇದ್ದದ್ದು ಆವತ್ತು ಎಲ್ಲಿ ರಜೆ ಹಾಕಿತ್ತೋ ಕಾಣೆವು.

1934ರಲ್ಲಿ ವೃತ್ತಿಗೆ ಇಳಿದಾಗ ಆತನನ್ನು ತಿದ್ದಿದವನು ಜ್ಯಾಕ್ ಬ್ಲ್ಯಾಕ್‌ಬರ್ನ್. ತಾನೂ ಬಾಕ್ಸರ್ ಆಗಿದ್ದವ, ಕೊಲೆ ಕೇಸಿನಲ್ಲಿ ಜೈಲು ಕಂಡು ಬಂದವ. ಕರಿಯ ಮೇಷ್ಟ್ರು, ಕರಿಯ ಶಿಷ್ಯ. ಬ್ಲ್ಯಾಕ್‌ಬರ್ನ್ ಕಲಿಸಿದ್ದು ಮೊದಲು ಕೈಯಲ್ಲ, ಕಾಲು. ಗುದ್ದು ಹುಟ್ಟುವುದು ತೋಳಿನಲ್ಲಿ ಅಂತ ನಾವೆಲ್ಲ ತಿಳಿದಿರ್ತೀವಿ. ಅಲ್ಲ. ಹಿಂದಿನ ಪಾದ ನೆಲವನ್ನು ಒತ್ತುತ್ತೆ, ಸೊಂಟ ತಿರುಗುತ್ತೆ, ಅದರ ಹಿಂದೆ ಭುಜ ತಿರುಗುತ್ತೆ, ಕೊನೆಗೆ ಮುಷ್ಟಿ ಹೋಗುತ್ತೆ. ಇದರಲ್ಲಿ ಒಂದು ಕೊಂಡಿ ಕಳಚಿದರೂ ಗುದ್ದು ಬರೀ ತಟ್ಟೋದಾಗುತ್ತೆ. ಲೂಯಿ ಕಾಲನ್ನು ಎತ್ತಿ ಇಡುತ್ತಿರಲಿಲ್ಲ, ನೆಲಕ್ಕೆ ಉಜ್ಜಿಕೊಂಡೇ ಸರಿಯುತ್ತಿದ್ದ. ಹಾಗಾಗಿ ಯಾವ ಗಳಿಗೆಯಲ್ಲಿ ಬೇಕಾದರೂ ಹೊಡೆಯಲು ತಯಾರಾಗಿರುತ್ತಿದ್ದ. ಗೇಣುದ್ದದ ಗುದ್ದಿನಲ್ಲೇ ಆಳನ್ನು ಮಲಗಿಸುತ್ತಿದ್ದ. ಇಷ್ಟೆಲ್ಲ ಕೆಲಸ ನೋಡಿದ ಬಿಳಿ ಪತ್ರಕರ್ತರು ಏನು ಬರೆದರು? ಕಾಡಿನ ಮೃಗ ಅಂತ ಬರೆದರು. ಚಿರತೆ ಅಂತ ಬರೆದರು. ಚಿರತೆಗೆ ಯಾರಾದರೂ ಮೇಷ್ಟ್ರು ಇರ್ತಾರೆಯೆ?

1936ರ ಜೂನ್ 19ರಂದು ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಈ ‘ಮೃಗ’ವನ್ನು ಹನ್ನೆರಡನೇ ಸುತ್ತಿನಲ್ಲಿ ಕೆಡವಿದ. ಹೇಗೆ? ಆತ ಲೂಯಿಯ ಪಂದ್ಯಗಳ ಫಿಲ್ಮನ್ನು ಕೂತು ನೋಡಿದ್ದ. ಲೂಯಿ ಎಡಗೈಯಿಂದ ಚುಚ್ಚುಗುದ್ದು, ಅಂದರೆ ಜಾಬ್, ಹೊಡೆದ ಮೇಲೆ ಆ ಕೈಯನ್ನು ತುಸು ಕೆಳಗೆ ಬಿಡುತ್ತಾನೆ ಎಂಬುದನ್ನು ಕಂಡುಕೊಂಡ. ಆ ಕ್ಷಣದಲ್ಲಿ ದವಡೆ ಬಯಲಾಗುತ್ತೆ. ಅಲ್ಲಿಗೇ ಬಲಗೈ ಬಿಟ್ಟ, ಬಿಡ್ತಾನೇ ಹೋದ. ಲೂಯಿಯ ಕಡೆಯಿಂದಲೂ ತಪ್ಪಿತ್ತು. ಆ ದಿನಗಳಲ್ಲಿ ಅವನಿಗೆ ಗಾಲ್ಫ್ ಹುಚ್ಚು ಹಿಡಿದಿತ್ತು, ತಾಲೀಮು ಸಡಿಲವಾಗಿತ್ತು. ಎರಡು ವರ್ಷದ ನಂತರ, 1938ರ ಜೂನ್ 22ರಂದು, ಅದೇ ಯಾಂಕೀ ಸ್ಟೇಡಿಯಮ್ಮಿನಲ್ಲಿ ಸುಮಾರು 70,000 ಜನರ ಮುಂದೆ ಲೂಯಿ ಅದೇ ಷ್ಮೆಲಿಂಗ್‌ನನ್ನು ಮೊದಲ ಸುತ್ತಿನಲ್ಲೇ, 124 ಸೆಕೆಂಡಿನಲ್ಲಿ ಮುಗಿಸಿದ. ಈ ಎರಡು ರಾತ್ರಿಗಳ ನಡುವೆ ರಕ್ತವೇನೂ ಬದಲಾಗಿರಲಿಲ್ಲ.

ಲೂಯಿ ಕಲಿತ ಇನ್ನೊಂದು ವಿದ್ಯೆಯನ್ನು ಯಾವ ವಿಮರ್ಶಕನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಜಾನ್ಸನ್ ರಿಂಗಿನಲ್ಲಿ ನಗುತ್ತಿದ್ದ, ಬಿಳಿಯರನ್ನು ಛೇಡಿಸುತ್ತಿದ್ದ. ಅದರ ಬೆಲೆ ಏನಾಯ್ತು ಅಂತ ಲೂಯಿಯ ಮ್ಯಾನೇಜರುಗಳಿಗೆ ಗೊತ್ತಿತ್ತು. ಬಿದ್ದ ಬಿಳಿಯನ ಮುಂದೆ ಹಿಗ್ಗಬಾರದು, ಬಿಳಿ ಹೆಂಗಸರ ಜೊತೆ ಫೋಟೋ ತೆಗೆಸಿಕೊಳ್ಳಬಾರದು ಅಂತ ಕಟ್ಟಳೆ ಹಾಕಿದರು. ಲೂಯಿ ಮುಖವನ್ನು ಕಲ್ಲು ಮಾಡಿಕೊಂಡ. ಪತ್ರಿಕೆಗಳು ಆ ಕಲ್ಲು ಮುಖವನ್ನೂ ಹುಟ್ಟುಗುಣ ಅಂದವು. ಮಂಕ, ಭಾವನೆ ಇಲ್ಲದವ ಅಂದವು. ಗೌಡರ ಜಗಲಿ ಕೆಳಗೆ ಟವಲು ಕಂಕುಳಲ್ಲಿಟ್ಟು ನಿಂತ ನಮ್ಮ ತಾತನ ಮುಖ ನೆನಪಾಗುತ್ತೆ. ಆ ಮುಖವನ್ನು ತಾತ ಎಷ್ಟು ವರ್ಷ ಅಭ್ಯಾಸ ಮಾಡಿದ್ದನೋ. ಊರಿನವರು, “ಅವನು ಹುಟ್ಟಾ ಸಾಧು ಕಣಪ್ಪ” ಅಂತಿದ್ರು.

ಹಾಗಂತ ಹುಟ್ಟಿನಿಂದ ಬರೋದು ಏನೂ ಇಲ್ಲ ಅಂತ ನಾವು ಹಠ ಹಿಡಿಯುವುದಿಲ್ಲ. ತೋಳಿನ ಉದ್ದ, ಕಣ್ಣಿನ ಚುರುಕು ಎಲ್ಲರಿಗೂ ಒಂದೇ ಇರೋದಿಲ್ಲ. ಮಹಮ್ಮದ್ ಅಲಿ ಬಾಕ್ಸಿಂಗಿನ ಪಠ್ಯಪುಸ್ತಕವನ್ನೇ ಹರಿದು ಹಾಕಿದವನು. ಕೈ ಕೆಳಗೆ ಬಿಟ್ಟುಕೊಂಡು, ಗುದ್ದು ಬಂದಾಗ ತಲೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಬೇರೆಯವರು ಮಾಡಿದರೆ ದವಡೆ ಹೋಗುತ್ತಿತ್ತು. ಅಂಥ ವೇಗ ಎಲ್ಲರಿಗೂ ಸಿಗೋದಲ್ಲ, ಒಪ್ಪೋಣ. ಆದರೆ ಅದೇ ಅಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂದಿದ್ದಕ್ಕೆ 1967ರಿಂದ 1970ರವರೆಗೆ ರಿಂಗಿನಿಂದ ಹೊರಗಿದ್ದ. ವಾಪಸ್ ಬಂದಾಗ ಕಾಲುಗಳು ಮೊದಲಿನಂತಿರಲಿಲ್ಲ. 1974ರಲ್ಲಿ ಕಿನ್ಷಾಸಾದಲ್ಲಿ ಜಾರ್ಜ್ ಫೋರ್‌ಮನ್ ಎದುರು ಆತ ಕುಣಿಯಲಿಲ್ಲ. ಹಗ್ಗಕ್ಕೆ ಒರಗಿ, ತೋಳುಗಳ ಮೇಲೆ ಹೊಡೆತ ತಿಂದು, ಫೋರ್‌ಮನ್ ದಣಿಯುವವರೆಗೆ ಕಾದು ಎಂಟನೇ ಸುತ್ತಿನಲ್ಲಿ ಕೆಡವಿದ. ಹುಟ್ಟಿನಿಂದ ಬಂದದ್ದು ಸವೆದುಹೋದಾಗ ಕೈ ಹಿಡಿದದ್ದು ಕಲಿತದ್ದು.

ಅಲಿಯನ್ನು 1971ರಲ್ಲಿ ನ್ಯೂಯಾರ್ಕಿನಲ್ಲಿ ಸೋಲಿಸಿದ ಜೋ ಫ್ರೇಜಿಯರ್ ಕಥೆ ಇನ್ನೂ ಕಟುವಾದದ್ದು. ಹದಿನೈದನೇ ಸುತ್ತಿನಲ್ಲಿ ಅಲಿಯನ್ನು ಅಂಗಾತ ಬೀಳಿಸಿದ ಆ ಎಡಗೈ ಹುಕ್ಕನ್ನು ಜನ ದೈವದತ್ತ ಅಂತಾರೆ. ಫ್ರೇಜಿಯರ್ ದಕ್ಷಿಣ ಕೆರೊಲಿನಾದ ಬಡ ಒಕ್ಕಲಿನ ಮಗ. ಚಿಕ್ಕಂದಿನಲ್ಲಿ ಹಂದಿಯೊಂದು ಅಟ್ಟಿಸಿಕೊಂಡು ಬಂದು, ಓಡುವಾಗ ಬಿದ್ದು ಎಡ ತೋಳಿಗೆ ಪೆಟ್ಟಾಯ್ತು. ಡಾಕ್ಟರಿಗೆ ಕೊಡಲು ಕಾಸಿರಲಿಲ್ಲ. ತೋಳು ತನ್ನಷ್ಟಕ್ಕೆ ಕೂಡಿಕೊಂಡಿತು, ಆದರೆ ಪೂರ್ತಿ ನೆಟ್ಟಗಾಗಲಿಲ್ಲ. ಬಾಗಿಯೇ ಉಳಿದ ಆ ತೋಳಿಗೆ, ಚಿಂದಿ ಬಟ್ಟೆ, ಜೋಳದ ದಂಟು, ಇಟ್ಟಿಗೆ ತುಂಬಿದ ಗೋಣಿಚೀಲವನ್ನು ಮರಕ್ಕೆ ಕಟ್ಟಿ ವರ್ಷಗಟ್ಟಲೆ ಗುದ್ದುವುದನ್ನು ಕಲಿಸಿದ. ನೋಡುವವರಿಗೆ ದೈವದ ವರ. ಹತ್ತಿರ ಹೋದರೆ ಡಾಕ್ಟರ್ ಫೀಸಿಲ್ಲದ ಒಂದು ಮನೆ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಲೋಯಿಕ್ ವಾಕಾಂ 1988ರಲ್ಲಿ ಶಿಕಾಗೋದ ಕರಿಯರ ಕೇರಿಯ ಒಂದು ಬಾಕ್ಸಿಂಗ್ ಜಿಮ್‌ಗೆ ಸೇರಿ, ಮೂರು ವರ್ಷ ತಾನೇ ಹೊಡೆತ ತಿಂದು ಪುಸ್ತಕ ಬರೆದ. ಕೇರಿಯನ್ನು ಕುರಿತು ಬರೆಯುವ ನಮ್ಮ ಪಂಡಿತರು ಅಷ್ಟು ದೂರ ಬರುವುದಿಲ್ಲ, ಇರಲಿ. ಆತ ಕಂಡ ಒಂದು ಸಂಗತಿ ನಮ್ಮನ್ನು ಇನ್ನೂ ಕಾಡುತ್ತೆ. ದಿನಾ ಬೆವರು ಸುರಿಸಿ, ಒಂದೇ ಗುದ್ದನ್ನು ಸಾವಿರ ಸಲ ಹೊಡೆಯುವ ಬಾಕ್ಸರುಗಳೇ, ಬಾಕ್ಸರ್ ಅನ್ನೋನು ಹುಟ್ಟಿ ಬರಬೇಕು ಅಂತ ನಂಬುತ್ತಾರೆ. ಕಲಿತದ್ದು ಮೈಯಲ್ಲಿ ಅಷ್ಟು ಆಳಕ್ಕೆ ಇಳಿದುಬಿಡುತ್ತೆ, ಕಲಿತದ್ದೇ ಮರೆತುಹೋಗುತ್ತೆ. ಹೊರಗಿನವನು ‘ರಕ್ತ’ ಅನ್ನುವುದಕ್ಕೂ ಒಳಗಿನವನು ‘ವರ’ ಅನ್ನುವುದಕ್ಕೂ ವ್ಯತ್ಯಾಸ ಇದೆ. ಆದರೆ ಎರಡನೆಯ ಮಾತು ಮೊದಲನೆಯದಕ್ಕೆ ಸಾಕ್ಷಿ ನುಡಿದುಬಿಡುತ್ತೆ.

ನಮ್ಮವರೂ ಈ ಬಲೆಗೆ ಬೀಳ್ತಾರೆ. ಪಾ. ರಂಜಿತ್ 2021ರಲ್ಲಿ ಮಾಡಿದ ‘ಸರ್ಪಟ್ಟ ಪರಂಬರೈ’ ತಮಿಳು ಸಿನಿಮಾ ನಮಗೆ ಬಹಳ ಇಷ್ಟ. ಎಪ್ಪತ್ತರ ದಶಕದ ಉತ್ತರ ಮದರಾಸಿನ ಬಾಕ್ಸಿಂಗ್ ಮನೆತನಗಳು, ತುರ್ತುಪರಿಸ್ಥಿತಿ, ರಂಗನ್ ವಾದ್ಯಾರ್, ಕೂಲಿ ಮಾಡುವ ಕಬಿಲನ್. ಕಬಿಲನ್‌ನ ಅಪ್ಪನೂ ಬಾಕ್ಸರ್ ಆಗಿದ್ದವ. ಅದಕ್ಕೇ ಅವ್ವ ಭಾಗ್ಯಂ ಮಗನನ್ನು ರಿಂಗಿನ ಹತ್ತಿರ ಸೇರಿಸುವುದಿಲ್ಲ. ಆತ ದೂರದಿಂದ ನೋಡಿ ನೋಡಿಯೇ ಬೆಳೆಯುತ್ತಾನೆ. ಒಂದು ದಿನ ರಿಂಗಿಗೆ ಇಳಿದವನೇ ವರ್ಷಗಟ್ಟಲೆ ಪಳಗಿದವನನ್ನು ಹೊಡೆದು ಹಾಕುತ್ತಾನೆ. ಥಿಯೇಟರಿನಲ್ಲಿ ಬಿಡುಗಡೆಯಾಗಿದ್ದರೆ ಇಲ್ಲಿ ಶಿಳ್ಳೆ ಬೀಳುತ್ತಿತ್ತು. ಮೊಬೈಲಿನಲ್ಲಿ ನೋಡಿದ ನಾವೂ ಶಿಳ್ಳೆ ಹೊಡೆದೆವು. ಆಮೇಲೆ ಅನ್ನಿಸಿತು: ರಂಜಿತ್ ಅವರೂ ಅಪ್ಪನ ರಕ್ತವನ್ನೇ ನಂಬಿಬಿಟ್ಟರಲ್ಲ! ನೋಡುವುದೂ ಕಲಿಯುವುದೇ ಅಂತ ಅವರ ಪರವಾಗಿ ವಾದಿಸಬಹುದು. ಕಣ್ಣಿನಿಂದ ಕದ್ದು ಕಲಿಯೋದು ನಮ್ಮವರ ಹಳೆಯ ದಾರಿ. ಏಕಲವ್ಯನ ಕಥೆಯನ್ನೂ ಮೇಷ್ಟ್ರುಗಳು ಹುಟ್ಟುಪ್ರತಿಭೆಯ ಕಥೆ ಅಂತಲೇ ಪಾಠ ಮಾಡ್ತಾರೆ, ಅವನು ದಿನವೂ ಬಾಣ ಬಿಟ್ಟ ಅನ್ನೋದನ್ನ ಬಿಟ್ಟು. ಆದರೂ ಆ ಮೊದಲ ಗೆಲುವು ನಮಗೆ ಸುಲಭದ್ದು ಅನ್ನಿಸಿತು. ಸಿನಿಮಾ ನಿಜವಾಗಿ ಗಟ್ಟಿಯಾಗೋದು ಕೊನೆಯಲ್ಲಿ, ಕುಡಿದು ಮೈ ಬೆಳೆಸಿಕೊಂಡ ಕಬಿಲನ್ ಬೀಡಿ ರಾಯಪ್ಪನ್ ಎಂಬ ಮುದುಕನ ಕೈಕೆಳಗೆ ಸಮುದ್ರದ ದಂಡೆಯಲ್ಲಿ ಮತ್ತೆ ಮೊದಲಿನಿಂದ ಕಲಿಯುವಾಗ. ಆ ದೃಶ್ಯಗಳು ಎಷ್ಟು ಬೇಗ ಮುಗಿದುಬಿಡ್ತವೆ ಅನ್ನೋದೇ ನಮ್ಮ ತಕರಾರು. ಗೆಲುವಿಗೆ ಕೊಟ್ಟ ಹೊತ್ತಿನಲ್ಲಿ ಅರ್ಧದಷ್ಟನ್ನು ಕಲಿಕೆಗೆ ಕೊಡಬಹುದಿತ್ತು.

ಈಗ ನಮ್ಮ ಮನೆಗೆ ಬರೋಣ. ಕನ್ನಡ ಎಂ.ಎ. ಕ್ಲಾಸಿನಲ್ಲಿ ‘ಕವಿರಾಜಮಾರ್ಗ’ ಶುರುವಾದ ದಿನವೇ ಹೆಮ್ಮೆಯಿಂದ ಹೇಳ್ತಾರೆ, ಈ ನಾಡಿನ ಜನ ಓದದೆಯೇ ಕಾವ್ಯದಲ್ಲಿ ನಿಪುಣರು ಅಂತ. ಎಲ್ಲರೂ ಬೀಗುತ್ತಾರೆ. ನಮ್ಮವ್ವನೂ ಓದಿಲ್ಲ, ನಾಟಿ ಗದ್ದೆಯಲ್ಲಿ ಅವಳು ಕಟ್ಟಿ ಹಾಡಿದ ಪದ ಒಂದೂ ಸೋತಿಲ್ಲ. ಆದರೆ ಓದದೇ ಉಳಿದದ್ದು ಅವಳ ಆಯ್ಕೆಯೇನು, ಸ್ವಾಮಿ? ಅವಳನ್ನು ಶಾಲೆಯ ಹೊರಗೆ ನಿಲ್ಲಿಸಿ, ಆಮೇಲೆ ಓದದೆಯೂ ಎಷ್ಟು ಚೆನ್ನಾಗಿ ಹಾಡ್ತಾಳೆ ಅಂತ ಟೇಪು ತಂದು ರೆಕಾರ್ಡು ಮಾಡಿಕೊಂಡು ಹೋಗೋದು ಯಾವ ಸೀಮೆ ಪ್ರೀತಿ? ಅದೇ ಸಂಸ್ಕೃತದ ಅಲಂಕಾರಿಕರಲ್ಲಿ ದಂಡಿ, ಮಮ್ಮಟ ಇಬ್ಬರೂ ಪ್ರತಿಭೆಯ ಜೊತೆಗೆ ಓದನ್ನೂ ಅಭ್ಯಾಸವನ್ನೂ ಸೇರಿಸಿಯೇ ಹೇಳಿದ್ದಾರೆ. ತಮ್ಮ ಕವಿಗಳಿಗೆ ಮೂರೂ ಬೇಕು. ನಮಗೆ ಮಾತ್ರ ರಕ್ತ ಒಂದೇ ಸಾಕು!

ಇನ್ನೂ ತಮಾಷೆ ಏನೆಂದರೆ, ಸೀಟಿನ ಮಾತು ಬಂದಾಗ ಇದೇ ವಾದ ತಲೆಕೆಳಗಾಗಿ ನಿಲ್ಲುತ್ತೆ. ಆಗ ‘ಮೆರಿಟ್’ ಅನ್ನೋದು ಅವರ ಮಕ್ಕಳಿಗೆ ಹುಟ್ಟಿನಿಂದ ಬಂದದ್ದು. ಟ್ಯೂಷನ್ನು, ಮನೆ ತುಂಬ ಪುಸ್ತಕ, ಮೂರು ತಲೆಮಾರಿನ ಇಂಗ್ಲಿಷು ಯಾವುದೂ ಲೆಕ್ಕಕ್ಕಿಲ್ಲ. ತಲೆಯ ವಿಷಯದಲ್ಲಿ ಹುಟ್ಟು ಅವರದು, ತೋಳಿನ ವಿಷಯದಲ್ಲಿ ಹುಟ್ಟು ನಮ್ಮದು. ಜಾನ್ಸನ್‌ನ ವಿಜ್ಞಾನವನ್ನು ಪುಕ್ಕಲುತನ ಅಂದವರೂ ಲೂಯಿಯ ಕಲಿಕೆಯನ್ನು ಚಿರತೆ ಅಂದವರೂ ಇದೇ ಹಂಚಿಕೆ ಮಾಡಿದ್ದು.

ನಮ್ಮ ಚಿಕ್ಕಪ್ಪ ತಮಟೆ ಬಾರಿಸುವವನು. ಸುತ್ತ ಹತ್ತು ಹಳ್ಳಿಗೆ ಹೆಸರುವಾಸಿ. ಮೃದಂಗ ವಿದ್ವಾಂಸರೊಬ್ಬರನ್ನು ಪರಿಚಯ ಮಾಡಿಕೊಡುವಾಗ ಮೊದಲು ಗುರುಗಳ ಹೆಸರು ಹೇಳ್ತಾರೆ. ಚಿಕ್ಕಪ್ಪನಿಗೆ ಊರಬ್ಬದಲ್ಲಿ ಶಾಲು ಹೊದಿಸಿದಾಗ ಹೇಳಿದ್ದು ಅದೇ, ರಕ್ತದಲ್ಲೇ ಇದೆ. ಮೊನ್ನೆ ಅವನು ಹಿತ್ತಿಲಲ್ಲಿ ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದ. ನಾವು ಪಕ್ಕದಲ್ಲಿ ಕೂತು ಕೇಳಿದೆವು.

“ಚಿಕ್ಕಪ್ಪ, ನೀನು ಇದನ್ನ ಯಾರತ್ರ ಕಲ್ತೆ?”

“ಇದೇನ್ಲಾ ಹಿಂಗ್ ಕೇಳ್ತೀಯ. ದೇವ್ರು ಕೊಟ್ಟಿದ್ದು ಕಣ್ಲಾ ಮಗ.”

“ದೇವ್ರು ಸರಿ. ಆದ್ರೂ ಮೊದ್ಲು ಕೈ ಹಿಡಿದು ತೋರ್ಸಿದ್ದು ಯಾರು?”

ಚಿಕ್ಕಪ್ಪ ತಮಟೆಯನ್ನು ಬೆಂಕಿಯಿಂದ ತೆಗೆದು ಬೆರಳಲ್ಲಿ ಒಂದು ಸಲ ತಟ್ಟಿ ನೋಡಿದ. ಸುಮ್ಮನಿದ್ದ. ಆಮೇಲೆ ತನ್ನ ಸೋದರಮಾವನ ಹೆಸರು ಹೇಳಿದ. ತಾಳ ತಪ್ಪಿದಾಗ ಅದೇ ಕಡ್ಡಿಯಿಂದ ಬೆರಳ ಗೆಣ್ಣಿನ ಮೇಲೆ ಹೊಡೀತಿದ್ದನಂತೆ; ಗುರುತು ತೋರಿಸಿದ. ಆ ಮಾವನಿಗೆ ಕಲಿಸಿದವನ ಹೆಸರು ಹೇಳಿದ, ಅವನಿಗೂ ಹಿಂದಿನವನ ಹೆಸರು, ಹೊಳೆ ಆಚೆ ಹಳ್ಳಿಯವನಂತೆ, ಹೇಳಿದ. ಮೂರು ಹೆಸರೂ ನಾವು ಆವತ್ತೇ ಮೊದಲು ಕೇಳಿದ್ದು. ಎಂ.ಎ. ಮುಗಿಸಿ ಎರಡು ವರ್ಷವಾಗಿತ್ತು.